ಹೊಳೆಯ ಬುಡಕ ಸೇತುವೆ

ಕಳೆದ ವಾರ ಗಂಗಾವತಿಯಿಂದ ಬರುವಾಗ ನಮ್ಮ ಬಸ್ಸು ಕಂಪ್ಲಿ ಸೇತುವೆಯ ನಡುಮಧ್ಯೆ ನಿಂತಿತು. ಡ್ಯಾಮಿನ ಗೇಟು ಹಾಕಿ, ಸೇತುವೆಯ ಮೇಲಿಂದ ನೀರು ಇಳಿದು ಎರಡು ದಿನವಾಗಿತ್ತಷ್ಟೇ. ರಸ್ತೆಯ ಮೇಲೆ ಬೆರಳು ಮುಳುಗುವಷ್ಟು ಕೆಸರು. ಕಂಬಿಗಳ ಸಂದಿಯಲ್ಲಿ ಜೊಂಡು, ಹರಿದ ಚೀಲ, ಯಾರದೋ ಒಂಟಿ ಚಪ್ಪಲಿ. ಕಿಟಕಿ ಸರಿಸಿದೆ. ಹೊಳೆಯ ತಳದ ಮಣ್ಣು ಬಿಸಿಲಿಗೆ ಬಂದಾಗ ಒಂದು ವಾಸನೆ ಏಳುತ್ತದೆ... ಮೀನು, ಕೊಳೆತ ಎಲೆ, ತುಕ್ಕು, ಮೂರೂ ಸೇರಿದಂಥದ್ದು. ಆ ವಾಸನೆಗೆ ಅಕ್ಕೋರು ನೆನಪಾದರು.

ಇದು ಪೂರ್ತಿ ನಿಜವಲ್ಲ. ವಾಸನೆ ಬಂದಾಗ ನಾನು ಮಾಡಿದ್ದು ಮೂಗು ಮುಚ್ಚಿಕೊಂಡದ್ದು. ಆಮೇಲೆ ಪಕ್ಕದ ಸೀಟಿನಾಕೆ ಫೋನಿನಲ್ಲಿ ಯಾರಿಗೋ, "ಬ್ರಿಡ್ಜ್ ಮ್ಯಾಲ ಅದೀವಿ. ಹೊಳಿ ಈಗ ಕೆಳಗ ಐತಿ, ಹೆದರಬ್ಯಾಡ" ಎಂದಳು. ಆಗ ನೆನಪಾದರು. ಈ ವ್ಯತ್ಯಾಸವನ್ನು ಬರೆಯದೆ ಬಿಟ್ಟಿದ್ದರೆ ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು.

ನಮ್ಮ ಕಡೆ ಪಾಠ ಹೇಳುವ ಹೆಂಗಸೆಂದರೆ ಅಕ್ಕೋರು. ಅವರಿಗೂ ಒಂದು ಹೆಸರಿತ್ತು. ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಕಂಪ್ಲಿಯಲ್ಲಿ ನಮ್ಮ ಓಣಿಯ ಕೊನೆಗೆ, ಒಂದು ಅಕ್ಕಿ ಗಿರಣಿಯ ಹಿಂಬದಿ ಗೋಡೆಗೆ ಒತ್ತಿಕೊಂಡ ಎರಡು ಕೋಣೆಯ ಮನೆ ಅವರದು. ಗಿರಣಿ ಓಡುವಾಗ ಅವರ ಪಡಸಾಲೆಯ ನೆಲ ಸಣ್ಣಗೆ ನಡುಗುತ್ತಿತ್ತು, ಕಪ್ಪು ಹಲಗೆಯ ಮೇಲೆ ತೌಡಿನ ಧೂಳು ಕೂರುತ್ತಿತ್ತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಅಲ್ಲಿ ಇಂಗ್ಲಿಷಿನಲ್ಲಿ ಫೇಲಾದವರಿಗೆ ಪಾಠ. ಪಾಸಾದವರನ್ನು ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ನನಗೆ ಆಗ ಹತ್ತೊಂಬತ್ತು, ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿದ್ದೆ, ಆದ್ದರಿಂದ ಪೂರ್ತಿ ಅರ್ಹಳಾಗಿದ್ದೆ.

ಮೊದಲ ಒಂದು ತಿಂಗಳು ಬರೀ 'ಕೆಳಗೆ'. ಟೆನ್ಸು ಇಲ್ಲ, ಪತ್ರಲೇಖನ ಇಲ್ಲ. ಸ್ಟೀಲಿನ ತಟ್ಟೆ, ಮಣೆ, ಟವೆಲ್ಲು ಮತ್ತು ಒಂದು ಉಳ್ಳಾಗಡ್ಡಿಯನ್ನು ನಮ್ಮ ನಡುವೆ ಇಟ್ಟುಕೊಂಡು ಅವರು ಕೂರುತ್ತಿದ್ದರು. ಉಳ್ಳಾಗಡ್ಡಿಯನ್ನು ಮಣೆಯ ಕೆಳಗೆ ತಳ್ಳುತ್ತಿದ್ದರು.

"ಮನ್ಯಾಗ ನೀವು ಏನಂತೀರಿ? ಮಂಚದ ಬುಡಕ ಬೆಕ್ಕು ಅಂತೀರಿ. ಕಾಲುವಿ ಕೆಳಗ ಗದ್ದಿ ಅಂತೀರಿ. ಕಾಲುವಿ ಬುಡಕ ಗದ್ದಿ ಅಂತೀರೇನು? ಅನ್ನಲ್ಲ. ಇಂಗ್ಲಿಷಿನವರಿಗೂ ಹಂಗ ಐತಿ. ಬುಡಕ ಇದ್ರ ಅಂಡರ್. ಮಟ್ಟ ಇಳಿದಿದ್ರ ಬಿಲೋ."

ಅಲ್ಲಿಯವರೆಗೆ ಯಾವ ಕಾಲೇಜಿನಲ್ಲೂ ಯಾರೂ ಇಂಗ್ಲಿಷನ್ನು ನಮ್ಮ ಮನೆಯ ಮಂಚದ ಹತ್ತಿರ ತಂದು ನಿಲ್ಲಿಸಿರಲಿಲ್ಲ. ಆಮೇಲೆ ಉಳ್ಳಾಗಡ್ಡಿಯ ಮೇಲೆ ಟವೆಲ್ಲು ಮುಚ್ಚುತ್ತಿದ್ದರು. ಎತ್ತಿ ನೋಡಿದರೆ ಮಾತ್ರ ಕಾಣುವುದಕ್ಕೆ ಅಂಡರ್‌ನೀತ್ ಅನ್ನಬಹುದು, ಅಂಡರ್ ಅಂದರೂ ತಪ್ಪಲ್ಲ. ಹಾಗಾದರೆ ಬಿನೀತ್ ಯಾವುದಕ್ಕೆ ಎಂದು ಯಾರೋ ಕೇಳಿದಾಗ, "ಅರ್ಥ ಅಂಡರಿಂದ ಐತಿ. ಅಂಗಿ ಇಸ್ತ್ರಿ ಮಾಡಿ ಹಾಕ್ಕೊಂಡೈತಿ, ಅಷ್ಟ" ಎಂದರು.

ಪ್ರತಿದಿನ ಮನೆಯಿಂದ ಆರು ವಾಕ್ಯ ಬರೆದುಕೊಂಡು ಹೋಗಬೇಕಿತ್ತು. ಅವರ ನಿಯಮ ಒಂದೇ. ಬರೆದದ್ದನ್ನು ಆ ದಿನ ನಾವು ಕಣ್ಣಾರೆ ನೋಡಿರಬೇಕು. ವ್ಯಾಕರಣ ತಪ್ಪಿದ್ದರೆ ತಿದ್ದಿ ಅರ್ಧ ಮಾರ್ಕು ಕೊಡುತ್ತಿದ್ದರು. ವ್ಯಾಕರಣ ಸರಿಯಿದ್ದು ಸಂಗತಿ ನಡೆಯದಿದ್ದರೆ ಪಕ್ಕದಲ್ಲಿ ಕನ್ನಡದಲ್ಲಿ 'ಸುಳ್ಳು' ಎಂದು ಬರೆದು ಇಡೀ ವಾಕ್ಯಕ್ಕೆ ಕೆಂಪು ಗೆರೆ. ನನ್ನ ಗೆಳತಿಯೊಬ್ಬಳು ಸಿಂಹವೊಂದು ಮರದ ಕೆಳಗೆ ಇದೆ ಎಂದು ಬರೆದುಕೊಂಡು ಬಂದಿದ್ದಳು.

"ಎಲ್ಲಿ ನೋಡಿದಿ ಸಿಂಹ?"

"ಪುಸ್ತಕದಾಗ ರೀ ಅಕ್ಕೋರ."

"ಪುಸ್ತಕದಾಗ ಇದ್ರ ಪುಸ್ತಕದಾಗ ಐತಿ ಅಂತ ಬರಿ. ಅದನ್ನ ತಂದು ಗಿಡದ ಬುಡಕ ಯಾಕ ಕುಂದ್ರಿಸ್ತಿ?"

ಇದರಿಂದ ನನಗೆ ಸಿಟ್ಟು ಬರುತ್ತಿತ್ತು. ಪರೀಕ್ಷೆಯಲ್ಲಿ ಖರೆ ಸುಳ್ಳು ಯಾರು ಕೇಳುತ್ತಾರೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅದಕ್ಕೆ ಅವರು, ಪರೀಕ್ಷೆ ಮೂರು ತಾಸಿನದು, ಉಳಿದ ಬದುಕು ದೊಡ್ಡದು ಎಂಬಂಥ ಒಂದು ಮಾತು ಹೇಳಿದರೆಂದು ಬರೆಯಲು ಈಗ ಕೈ ತುರಿಸುತ್ತಿದೆ. ಅವರು ಹೇಳಿದ್ದು ಇಷ್ಟೇ: "ಕುಂದ್ರು ಸುಮ್ನ."

ಪಠ್ಯಪುಸ್ತಕದಿಂದ ಅವರು ಉಳಿಸಿಕೊಂಡಿದ್ದ ವಾಕ್ಯ ಒಂದೇ ಒಂದು. ದಿ ರಿವರ್ ಈಸ್ ಅಂಡರ್ ದಿ ಬ್ರಿಡ್ಜ್. ಅದು ಹಲಗೆಯ ಮೇಲಿನ ಮೂಲೆಯಲ್ಲಿ ಯಾವಾಗಲೂ ಇರುತ್ತಿತ್ತು. ಕಂಪ್ಲಿಯವರಿಗೆ ಆ ವಾಕ್ಯ ವರ್ಷದ ಬಹುಭಾಗ ಖರೆ. ಮಳೆಗಾಲದಲ್ಲಿ ಡ್ಯಾಮ್ ತುಂಬಿ ಗೇಟು ಎತ್ತಿದರೆ ಹೊಳೆ ಮೇಲೆ ಬರುತ್ತದೆ, ಸೇತುವೆ ಅದರ ಬುಡಕ ಹೋಗುತ್ತದೆ. ಅಂಥ ದಿನ ಅಕ್ಕೋರು ಆ ವಾಕ್ಯಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಪಕ್ಕದಲ್ಲಿ ಹೊಳೆಯನ್ನೂ ಸೇತುವೆಯನ್ನೂ ಅದಲುಬದಲು ಮಾಡಿ ಬರೆಯುತ್ತಿದ್ದರು. ನೀರು ಇಳಿದ ಮೇಲೆ ಮತ್ತೆ ಮೊದಲಿನಂತೆ. ಸೇತುವೆ ಮುಳುಗಿದೆಯೇ ಎಂದು ತಿಳಿಯಲು ಓಣಿಯ ಹೆಂಗಸರು ಅವರ ಬಾಗಿಲಲ್ಲಿ ಇಣುಕಿ ಹಲಗೆ ನೋಡಿ ಹೋಗುತ್ತಿದ್ದರು. ಇಂಗ್ಲಿಷ್ ಬಾರದವರೂ ಗೆರೆ ಎಳೆದಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದರು.

ನಾನು ಹೇಳಬೇಕಾದ ದಿನ ಆ ಗೆರೆ ಬಿದ್ದದ್ದು ಪಾಠದ ನಡುವೆ. ಮೈಕು ಕಟ್ಟಿದ ಜೀಪು ಓಣಿಯಲ್ಲಿ ಹಾದು, ಹೊಳೆ ಕಡೆ ಯಾರೂ ಹೋಗಬಾರದು, ಸೇತುವೆ ಬಂದ್ ಆಗಿದೆ ಎಂದು ಕೂಗಿತು. ಅಕ್ಕೋರು ಎದ್ದು ಕೊಡೆ ತೆಗೆದುಕೊಂಡು ಹೊರಟರು. ಜೀಪು ಕೂಗಿದ್ದು ಅವರಿಗೆ ಸಾಲದು. ಹೊಳೆ ಕಾಣುವ ಕೋಟೆಯ ತನಕ ನಡೆದು, ನೋಡಿ ಬಂದು, ಆಮೇಲೆಯೇ ಹಲಗೆಗೆ ಗೆರೆ ಎಳೆದರು. ಅಷ್ಟು ಹೊತ್ತು ನಾವು ಉಳ್ಳಾಗಡ್ಡಿಯನ್ನು ಚೆಂಡು ಮಾಡಿ ಆಡಿದೆವು.

ನಮ್ಮಪ್ಪ ಗಿರಣಿಗಳ ಫಿಟ್ಟರ್. ಹೊಟ್ಟು ಸುಲಿಯುವ ಹಲ್ಲರ್ ಕೆಟ್ಟರೆ, ಭತ್ತ ಮೇಲೆತ್ತುವ ಎಲಿವೇಟರಿನ ಬೆಲ್ಟು ಹರಿದರೆ, ಅದನ್ನು ಒಣಗಿಸುವ ಡ್ರೈಯರ್ ನಿಂತರೆ ಹೊಳೆಯ ಆ ಕಡೆ ಈ ಕಡೆ ಎಲ್ಲಿಂದಲೂ ಕರೆ ಬರುತ್ತಿತ್ತು. ಹಸಿರು ಬಣ್ಣದ ಲೂನಾ ಮೊಪೆಡ್ಡು, ಅದರ ಮುಂದೆ ತೂಗುಹಾಕಿದ ಕ್ಯಾನ್‌ವಾಸಿನ ಸಾಮಾನು ಚೀಲ, ಇವೆರಡನ್ನು ಕಂಪ್ಲಿಯಲ್ಲಿ ಅರಿಯದವರಿಲ್ಲ. ಅಂದು ಬೆಳಿಗ್ಗೆ ಆರಕ್ಕೇ ಗಂಗಾವತಿಯ ಒಂದು ಗಿರಣಿಗೆ ಹೋಗಿದ್ದ. ಆಗ ಸೇತುವೆ ಇನ್ನೂ ಮೇಲಿತ್ತು.

ಪಾಠ ಮುಗಿಸಿ ಮನೆಗೆ ಬಂದು ಒಂದು ತಾಸಾಗಿರಬಹುದು, ಅತ್ತೆ ಬಂದಳು. ಅತ್ತೆ ಅಪ್ಪನ ಅಕ್ಕ, ಎರಡು ಓಣಿ ಆಚೆ ಇದ್ದವಳು. ಹೊಸ್ತಿಲ ಮೇಲೆಯೇ ಕುಸಿದು ಎದೆ ಬಡಿದುಕೊಂಡಳು.

"ನನ್ನ ತಮ್ಮನ್ನ ಹೊಳಿ ಒಯ್ತಲ್ಲೇ ಯವ್ವಾ... ಸೇತುವಿ ಮ್ಯಾಲಿಂದ ಬಿದ್ದನಂತಲ್ಲೇ..."

ಹೊಳೆಯ ದಂಡೆಯಲ್ಲಿ ಅಪ್ಪನ ಲೂನಾ ನಿಂತಿದೆ, ಚೀಲವೂ ಅದರ ಮೇಲೆಯೇ ಇದೆ, ಮನುಷ್ಯ ಇಲ್ಲ. ನೀರು ಬರುತ್ತಿದ್ದರೂ ಸೇತುವೆಯ ಮೇಲೆ ನಡೆದು ಹೋದನಂತೆ, ಕಾಲು ಜಾರಿತಂತೆ. ಅವಳು ಹೇಳಿದ್ದು ಇದು. ಅಷ್ಟರಲ್ಲಿ ಓಣಿಯ ಹೆಂಗಸರು ಮನೆ ತುಂಬಿದರು. ಅಪ್ಪ ಆ ಚೀಲವನ್ನು ಬಿಟ್ಟು ಎಲ್ಲಿಗೂ ಹೋಗುವವನಲ್ಲ ಎಂಬುದು ಊರಿಗೇ ಗೊತ್ತಿದ್ದರಿಂದ ಯಾರೂ ಇನ್ನೊಂದು ಮಾತು ಕೇಳಲಿಲ್ಲ. ಚೀಲ ಇದೆ, ಅವನಿಲ್ಲ, ಅಲ್ಲಿಗೆ ಮುಗಿಯಿತು.

ಅವ್ವ ಗೋಡೆಗೆ ಒರಗಿ, ಎರಡೂ ಕೈಗಳನ್ನು ಸೆರಗಿನ ಒಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. ನನಗೆ ಹೀಗೆ ನೆನಪಿದೆ. ಅವ್ವ ಇವತ್ತಿಗೂ ಒಪ್ಪುವುದಿಲ್ಲ. "ಕುಂತಿದ್ದಿಲ್ಲ. ಅಕ್ಕಿ ಆರಿಸಾಕ ಹತ್ತಿದ್ದೆ. ಮೊರ ಕೈಯಾಗ ಇತ್ತು. ಯಾರೋ ಕಸ್ಕೊಂಡ್ರು" ಎನ್ನುತ್ತಾಳೆ. ಇರಬಹುದು. ಕೈ ಸೆರಗಿನಲ್ಲಿ ಮುಚ್ಚಿದ್ದನ್ನು ನಾನು ನಿಜಕ್ಕೂ ನೋಡಿದೆನೇ, ಅಥವಾ ಆಮೇಲೆ ಬಳೆಗಳ ಮಾತು ಬಂದದ್ದರಿಂದ ಹಾಗೆ ಕಟ್ಟಿಕೊಂಡೆನೇ... ಹೇಳಲಾರೆ.

ಬಳೆಗಳ ಮಾತು ಬಂದದ್ದಂತೂ ಹೌದು. ಗುಂಪಿನಲ್ಲಿದ್ದ ಹಿರಿಯಾಕೆಯೊಬ್ಬಳು ಒಳಗಿನಿಂದ ಒಂದು ಬಟ್ಟಲಿನಲ್ಲಿ ನೀರು ತಂದಳು, ಅವ್ವನ ಹಣೆ ಒರೆಸಲು. ಅತ್ತೆ ಅವ್ವನ ಮುಂಗೈ ಹಿಡಿದಿದ್ದಳು. ಹೆಣ ಸಿಗುವುದು ಯಾವಾಗಲೋ, ಹೊಳೆಗೆ ಹೋದವರು ಎಷ್ಟೋ ಸಲ ಸಿಗುವುದೇ ಇಲ್ಲ, ಹೊತ್ತು ಮುಳುಗುವ ಮೊದಲು ಆಗಬೇಕಾದದ್ದು ಆಗಲಿ ಎಂದು ಯಾರೋ ಅಂದರು. ಒಮ್ಮೆ ಒಡೆದರೆ, ಒಮ್ಮೆ ಒರೆಸಿದರೆ, ಆಮೇಲೆ ಅಪ್ಪ ಬಾಗಿಲಿಗೆ ಬಂದು ನಿಂತರೂ ಅದು ಆಗಿಹೋದದ್ದೇ. ಅವನ ಮುಖ ನೋಡಿದಾಗಲೆಲ್ಲ ಓಣಿಗೆ ಅದು ನೆನಪಾಗುತ್ತದೆ, ಅವ್ವನಿಗೆ ದಿನವೂ ನೆನಪಾಗುತ್ತದೆ. ಅಷ್ಟನ್ನೆಲ್ಲ ನಾನು ಆಗ ಯೋಚಿಸಲಿಲ್ಲ. ಆ ಬಟ್ಟಲನ್ನು ನೋಡುತ್ತಿದ್ದೆ.

ಅಳು ಕೇಳಿ ಅಕ್ಕೋರು ಬಂದರು. ಕೊಡೆಯನ್ನು ಬಾಗಿಲಲ್ಲಿ ಒರಗಿಸಿದರು. ಅವರ ಬಲಗೈಗೆ ಇನ್ನೂ ಸೀಮೆಸುಣ್ಣ ಅಂಟಿತ್ತು.

"ಯಾರು ನೋಡ್ಯಾರ?" ಎಂದರು.

ಅತ್ತೆ ತಲೆ ಎತ್ತಿದಳು. "ಅಕ್ಕೋರ, ಇದು ಸಾವಿನ ಮನಿ ಐತ್ರಿ. ನಿಮ್ಮ ಸಾಲಿ ಅಲ್ಲ."

"ಹೌದು. ಯಾರು ನೋಡ್ಯಾರ?"

"ಊರೆಲ್ಲ ಹೇಳಾಕ ಹತ್ತೈತಿ..."

"ನಿಮಗ ಯಾರು ಹೇಳಿದ್ರು? ಹೆಸರು ಹೇಳ್ರಿ."

ಬಸ್‌ಸ್ಟ್ಯಾಂಡಿನ ಹೂವಿನಾಕೆ ಎಂದಳು ಅತ್ತೆ. ಅಕ್ಕೋರು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು. ಅವರ ದನಿ ಪಾಠ ಹೇಳುವಾಗಿನಷ್ಟೇ ಇತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

"ಒಂದು ತಾಸು ಕೊಡ್ರಿ ನನಗ. ಒಂದು ತಾಸು ಈಕಿ ಬಳಿ ಯಾರೂ ಮುಟ್ಟಬ್ಯಾಡ್ರಿ, ಹಣಿ ಯಾರೂ ಮುಟ್ಟಬ್ಯಾಡ್ರಿ. ನೀವ ಕಾಯ್ರಿ. ನಿಮ್ಮ ತಮ್ಮ ಅಲ್ಲೇನು?"

ಅತ್ತೆಯನ್ನೇ ಕಾವಲಿಗೆ ಕೂರಿಸಿದರು. ಆಮೇಲೆ ಅವ್ವನ ಕಡೆ ತಿರುಗಿ, ಯಾವ ಗಿರಣಿಗೆ ಹೋಗಿದ್ದಾನೆ ಎಂದು ಕೇಳಿದರು. ಗಿರಣಿಯ ಹೆಸರು ಅವ್ವನಿಗೆ ಗೊತ್ತಿರಲಿಲ್ಲ. "ಬುಗುರಿ ಛಾಪಿನ ಅಕ್ಕಿ ಬರತಾವಲ್ರಿ, ಅದು. ಡ್ರೈಯರ್ ಕೆಟ್ಟೈತಿ ಅಂದಿದ್ರು" ಎಂದಳು.

ನನ್ನನ್ನು ಕರೆದುಕೊಂಡು ಅಕ್ಕೋರು ಹೊರಟರು. ದಾರಿಯಲ್ಲಿ ನಾನು, ಅಪ್ಪನಿಗೆ ಏನೂ ಆಗಿಲ್ಲ ಅಲ್ಲವೇ ಎಂದು ಕೇಳಿದೆ. ಅವರು ಹೌದು ಎನ್ನಬಹುದಿತ್ತು. ಯಾರಾದರೂ ಹಾಗೇ ಅನ್ನುತ್ತಿದ್ದರು.

"ಅದನ್ನೂ ಯಾರೂ ನೋಡಿಲ್ಲ ಇನ್ನ. ಎರಡೂ ಬರಿಬ್ಯಾಡ" ಎಂದರು.

ಆಗ ಅವರನ್ನು ಎಷ್ಟು ದ್ವೇಷಿಸಿದೆನೆಂದು ಈಗಲೂ ನೆನಪಿದೆ. ಇದರಲ್ಲಿ ಅನುಮಾನವಿಲ್ಲ.

ಹೂವಿನಾಕೆ ಮಲ್ಲಿಗೆ ದಂಡೆಗೆ ನೀರು ಚಿಮುಕಿಸುತ್ತಿದ್ದಳು. ತಾನು ನೋಡಿಲ್ಲ, ಆಟೋದವನು ಹೇಳಿದ ಎಂದಳು. "ಪಾಪ ಭಾಳ ಚೊಲೋ ಮನಷ್ಯಾ ರೀ, ನಮ್ಮ ಸ್ಟೋ ರಿಪೇರಿ ಮಾಡಿಕೊಟ್ಟಿದ್ದ" ಎಂದು ಆಗಲೇ ಅಪ್ಪನನ್ನು ಭೂತಕಾಲಕ್ಕೆ ಸೇರಿಸಿದ್ದಳು. ಆಟೋದವನು ಸ್ಟ್ಯಾಂಡಿನಲ್ಲೇ ಸಿಕ್ಕ. ಇಪ್ಪತ್ತೈದರವನು. ಅವನಿಗೆ ಆ ಹೊತ್ತಿಗೆ ಊರಿನಲ್ಲಿ ದೊಡ್ಡ ಬೆಲೆ. ಸುತ್ತ ಹತ್ತು ಜನ ನಿಂತು ಕೇಳುತ್ತಿದ್ದರು.

"ನೀನು ನೋಡಿಯೇನಪ್ಪಾ?"

"ನೋಡೀನ್ರಿ ಅಕ್ಕೋರ. ಈ ಕಣ್ಣಾಗ. ಖಾಕಿ ಅಂಗಿ. ಸೇತುವಿ ಮ್ಯಾಲ ಮೊಣಕಾಲು ತನಕ ನೀರು, ಹಂಗ ಹೋದ್ರಿ."

"ಹೋಗಿ?"

"ಹೋದ್ರಿ."

"ಬಿದ್ದಿದ್ದು ನೋಡಿಯೇನು?"

ಅವನು ಸುತ್ತಲಿನವರ ಮುಖ ನೋಡಿದ. "ನಾನು ಆಟೋ ತಿರುಗಿಸಾಕ ಹತ್ತಿದ್ದೆ ರೀ. ತಿರುಗಿಸಿ ನೋಡಿದ್ರ ಇಲ್ಲ."

"ಅವನ ಮುಖ ನೋಡಿಯೇನು?"

"ಬೆನ್ನು ನೋಡೀನ್ರಿ."

"ಈಕಿ ಅಪ್ಪನ ಬೆನ್ನು ನಿನಗ ಗುರುತು ಐತೇನು?"

ಯಾರೋ ನಕ್ಕರು. ಆಟೋದವನು ಕೆಂಪಾದ. "ಲೂನಾ ಅಲ್ಲೇ ನಿಂತಿತ್ತಲ್ರಿ, ಮತ್ತ ಇನ್ಯಾರು ಇರ್ತಾರ?"

ಅವನನ್ನು ಆಟೋ ಸಮೇತ ಕರೆದುಕೊಂಡು ಹೊಳೆಗೆ ಹೋದೆವು. ದಂಡೆಯಲ್ಲಿ, ರಸ್ತೆಗೆ ಅಡ್ಡ ಕಟ್ಟಿದ ಹಗ್ಗದ ಈಚೆ, ಒಂದು ಚಹಾದ ಹೋಟೆಲ್ ಇತ್ತು. ಅದರ ಚಪ್ಪರದ ಪಕ್ಕ ಅಪ್ಪನ ಲೂನಾ. ಚೀಲ ಅದರ ಮುಂದೆ ತೂಗುತ್ತಿತ್ತು. ಅದನ್ನು ಮುಟ್ಟಿ ನೋಡಿದೆ, ಮಳೆಗೆ ನೆಂದು ಭಾರವಾಗಿತ್ತು. ಹೊಳೆ ಕೆಂಪಗೆ, ಅಷ್ಟಗಲ, ಸದ್ದು ಮಾಡುತ್ತ ಹೋಗುತ್ತಿತ್ತು. ಸೇತುವೆ ಎಲ್ಲಿದೆ ಎಂಬುದು ನೀರು ಉಬ್ಬಿ ಇಳಿಯುವ ಒಂದು ಗೆರೆಯಿಂದ ಮಾತ್ರ ತಿಳಿಯುತ್ತಿತ್ತು.

ಹೋಟೆಲಿನವನು ಅಕ್ಕೋರ ಪ್ರಶ್ನೆ ಮುಗಿಯುವ ಮುಂಚೆಯೇ ಸಿಡುಕಿದ. "ಖಾಕಿ ಅಂಗಿಯಾವನಾ? ಆತ ಗೇಜ್ ನೋಡಾಂವ ರೀ. ಎಷ್ಟು ನೀರು ಬಂತು ಅಂತ ನೋಡಿ ಬಂದು, ಇಲ್ಲೇ ಕುಂತು ಎರಡು ಮಿರ್ಚಿ ತಿಂದು ಹೋದ. ಇವನಾ ಊರು ತುಂಬಾ ಹೇಳಿದ್ದು? ಲೇ, ತಿರುಗಿ ನೋಡಾಕ ಏನಾಗಿತ್ಲೇ ನಿನಗ?" ಆಟೋದವನು ಹೊಳೆಯ ಕಡೆ ನೋಡುತ್ತ ನಿಂತ. ಲೂನಾ ಮಾತ್ರ ತಾನು ಬಾಗಿಲು ತೆಗೆಯುವ ಮೊದಲೇ ಇಲ್ಲಿತ್ತು, ಯಾರು ಬಿಟ್ಟರೋ, ಎಲ್ಲಿ ಹೋದರೋ ತನಗೆ ತಿಳಿಯದು ಎಂದ ಹೋಟೆಲಿನವನು.

ಅಂದರೆ, ಅಪ್ಪ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಅಪ್ಪ ದಾಟಿದ್ದನ್ನೂ ಯಾರೂ ನೋಡಿರಲಿಲ್ಲ. ಅಕ್ಕೋರು ಅಲ್ಲೇ ನಿಂತು ಸುತ್ತ ನೋಡಿದರು. ಮಳೆ ಒಳಗೆ ಬಾರದಂತೆ ಹೋಟೆಲಿನವನು ಒಲೆಯ ಪಕ್ಕಕ್ಕೆ ಖಾಲಿ ಅಕ್ಕಿ ಚೀಲಗಳನ್ನು ಹೊಲಿದು ಪರದೆ ಮಾಡಿಕೊಂಡಿದ್ದ. ಅದರಲ್ಲೊಂದರ ಮೇಲೆ ದೊಡ್ಡ ಬುಗುರಿ, ಬುಗುರಿಯ ಕೆಳಗೆ ಗಿರಣಿಯ ಫೋನ್ ನಂಬರು. ಅದನ್ನು ಮೊದಲು ಕಂಡದ್ದು ನಾನು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಬಹುಶಃ ಅವರೇ ಕಂಡರು.

ಕೋಟೆಯ ತಿರುವಿನಲ್ಲಿದ್ದ ಎಸ್‌ಟಿಡಿ ಬೂತಿನಲ್ಲಿ ಮೂರು ಸಲ ಎಂಗೇಜು ಬಂತು. ನಾಲ್ಕನೆಯ ಸಲ ಗಿರಣಿಯ ಗುಮಾಸ್ತ ಎತ್ತಿದ. ಬೂತಿನ ಬಾಗಿಲು ತೆರೆದೇ ಇತ್ತು, ಅಕ್ಕೋರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರು, ಅವನ ದನಿ ನನಗೂ ಕೇಳುತ್ತಿತ್ತು.

"ಫಿಟ್ಟರ್ ಬಂದಾನ್ರಿ ಬೆಳಿಗ್ಗೆನ" ಎಂದ.

ನಾನು ಫೋನಿಗೆ ಕೈ ಚಾಚಿದೆ. ಅಕ್ಕೋರು ಮಾತ್ರ ಬಿಡಲಿಲ್ಲ.

"ನೀವು ನೋಡೀರೇನ್ರಿ?"

"ನಮ್ಮ ವಾಚ್‌ಮನ್ ಹೇಳಿದ್ರಿ."

"ವಾಚ್‌ಮನ್ ಹೇಳಿದ್ದು ಬ್ಯಾಡ. ನೀವು ಹೋಗಿ ನೋಡಿ ಬರ್ರಿ. ನಾನು ಹಿಡ್ಕೊಂಡಿರ್ತೀನಿ."

ಅವನು ಗೊಣಗುತ್ತ ಹೋದ. ಗಿರಣಿಯ ಸದ್ದು ಕೇಳುತ್ತಿತ್ತು. ಬೂತಿನ ಮೀಟರು ಓಡುತ್ತಿತ್ತು. ಬಂದ.

"ಅದಾನ್ರಿ. ಡ್ರೈಯರ್ ಬುಡಕ ಅದಾನ. ಕಾಲು ಅಷ್ಟ ಕಾಣತಾವ."

"ಯಾರ ಕಾಲು?"

"ಏನ್ರಿ ಮೇಡಮ್ ಹಿಂಗ ಕೇಳ್ತೀರಿ? ಫಿಟ್ಟರ್ ಕಾಲು ರೀ."

"ನೀವು ಮುಖ ನೋಡಿಲ್ಲ. ಕಾಲು ಯಾರವಾದ್ರೂ ಇರಬಹುದು." ಅಕ್ಕೋರು ನನ್ನ ಕಡೆ ತಿರುಗಿದರು. "ನಿಮ್ಮಪ್ಪನ ಕಾಲಿಗೆ ಗುರುತು ಏನೈತಿ?"

ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ ಎಂದೆ. ಹಿಂದೊಮ್ಮೆ ಗಿರಣಿಯ ರಬ್ಬರ್ ರೋಲ್ ಬಿದ್ದು ಹೋದ ಉಗುರು ಮತ್ತೆ ಬೆಳೆದಿರಲಿಲ್ಲ. ಅಕ್ಕೋರು ಹಾಗೇ ಹೇಳಿದರು. ಗುಮಾಸ್ತ ಮತ್ತೆ ಹೋದ. ಈ ಸಲ ತಡವಾಯಿತು. ಬೂತಿನವನು ಪೇಪರು ಮಡಿಸಿಟ್ಟು ನಮ್ಮನ್ನೇ ನೋಡುತ್ತಿದ್ದ. ಆಟೋದವನು ಹೊಸ್ತಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಆಮೇಲೆ ದೂರದಿಂದ, ಗಿರಣಿಯ ಸದ್ದಿನ ಮೇಲೆ, ಗುಮಾಸ್ತ ಓಡಿಬರುತ್ತಲೇ ಕೂಗಿದ್ದು ಕೇಳಿಸಿತು.

"ಇಲ್ರಿ! ಉಗುರಿಲ್ರಿ!"

ಆಟೋದವನು ಅತ್ತುಬಿಟ್ಟ. ನಾನಲ್ಲ, ಅವನು. ಬೂತಿನವನು ಎದ್ದು ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದ. ಅಷ್ಟರಲ್ಲಿ ಗುಮಾಸ್ತ ಆ ಕಾಲುಗಳನ್ನು ಹಿಡಿದು ಎಳೆಸಿದ್ದನೆಂದು ಕಾಣುತ್ತದೆ, ಅಪ್ಪನೇ ಫೋನಿಗೆ ಬಂದ. ಅಕ್ಕೋರು ಅದನ್ನು ನನ್ನ ಕೈಗೆ ಕೊಟ್ಟರು. ಮೈಯೆಲ್ಲ ಗ್ರೀಸಾಗಿದ್ದಾಗ ಅವನು ಮಾತಾಡುವ ಒಂದು ರೀತಿಯಿದೆ, ಯಾವುದನ್ನೂ ಮುಟ್ಟದೆ ನಿಂತವನಂತೆ.

"ಯಾಕವ್ವಾ? ಮನ್ಯಾಗ ಏನಾತು?"

"ಏನಿಲ್ಲಪ್ಪ. ಊಟ ಆತೇನು?" ಎಂದೆ.

"ಇದನ್ನ ಕೇಳಾಕ ಫೋನ್ ಮಾಡಿಯೇನು? ಬೆಲ್ಟ್ ಅರ್ಧ ಹಾಕ್ಯದ ಇಲ್ಲಿ."

ಲೂನಾದ ಪ್ಲಗ್ಗಿಗೆ ಮಳೆನೀರು ಹೋಗಿ ಸೇತುವೆಯ ಹತ್ತಿರ ನಿಂತುಬಿಟ್ಟಿತ್ತು, ಅದೇ ಗಿರಣಿಯ ಲಾರಿ ಬಂತು, ಹತ್ತಿಕೊಂಡು ಹೋದ. ಚೀಲ ಲೂನಾದ ಮೇಲೆ ಉಳಿದದ್ದು ಹೊಳೆ ದಾಟಿದ ಮೇಲೆ ಗೊತ್ತಾಯಿತು, ಸ್ಪ್ಯಾನರುಗಳನ್ನು ಅಲ್ಲೇ ಸಾಲ ಪಡೆದ. ಜೀವಮಾನದಲ್ಲಿ ಅವನು ಚೀಲ ಮರೆತದ್ದು ಅದೊಂದೇ ಸಲ. ಸೇತುವೆ ಬಂದ್ ಆಗಿದ್ದರಿಂದ ಮಾರನೆಯ ದಿನ ಹೊಸಪೇಟೆ ಸುತ್ತಿ ಬಸ್ಸಿನಲ್ಲಿ ಬಂದ.

ಬೂತಿನಿಂದ ಹೊರಬಂದು ಅಕ್ಕೋರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಷ್ಟು ಹೊತ್ತಾದರೂ ಏಳಲಿಲ್ಲ. ಅದನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ಓಣಿಯಲ್ಲಿ ಒಂದು ಕತೆಯಿತ್ತು. ಬಹಳ ಹಿಂದೆ ಸಂಡೂರಿನ ಗಣಿಯಿಂದ ಅವರ ಗಂಡನ ಬಗ್ಗೆ ಇಂಥದೇ ಒಂದು ಸುದ್ದಿ ಬಂದು, ಎಲ್ಲ ಶಾಸ್ತ್ರ ಮುಗಿದ ಮೇಲೆ ಅವನು ಜೀವಂತ ಬಂದನಂತೆ, ಆಮೇಲೆ ಆ ಮನೆಯಲ್ಲಿ ಅವನು ನಿಲ್ಲಲಿಲ್ಲವಂತೆ. ಈ ಕತೆಯನ್ನು ಇಲ್ಲಿಟ್ಟರೆ ಎಲ್ಲವೂ ಸರಿಯಾಗಿ ಕೂರುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅವರು ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದರೇ ಇಲ್ಲವೇ ಎಂಬುದರ ಬಗ್ಗೆಯೇ ನಾನೂ ಅವ್ವನೂ ಒಮ್ಮತಕ್ಕೆ ಬಂದಿಲ್ಲ. ಮುಂಜಾನೆಯಿಂದ ಅವರು ಏನೂ ತಿಂದಿರಲಿಲ್ಲ, ಅದಕ್ಕೂ ಹಾಗೆ ಕೂತಿರಬಹುದು. ಆಟೋದವನು ಓಡಿಹೋಗಿ ಚಹಾ ತಂದುಕೊಟ್ಟ, ಕುಡಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದಳು, ಹೇಳಿದಂತೆಯೇ. ಒಂದು ತಾಸು ಎಂದೋ ಮೀರಿತ್ತು. ಹಿರಿಯಾಕೆಯ ಬಟ್ಟಲು ಬಚ್ಚಲಲ್ಲಿ ಬೋರಲು ಬಿದ್ದಿತ್ತು. ಅತ್ತೆಯೇ ಚೆಲ್ಲಿ ಒಗೆದಳಂತೆ. ಸುದ್ದಿ ಕೇಳಿ ಅವಳು ಅಪ್ಪನನ್ನು ಬೈಯಲು ಶುರುಮಾಡಿದವಳು ಅವನು ಬರುವ ತನಕ ನಿಲ್ಲಿಸಲಿಲ್ಲ, ಬಂದ ಮೇಲೆ ಇನ್ನೂ ಜೋರು ಮಾಡಿದಳು. ಅವ್ವ ಅಕ್ಕೋರ ಮುಂದೆ ಒಂದು ತಟ್ಟೆ ಅನ್ನ ಸಾರು ತಂದಿಟ್ಟಳು. ಅವರು ಉಂಡರು. ಇಡೀ ಓಣಿ ನಿಂತು ನೋಡಿತು. ಕೈ ತೊಳೆದು ಹೊರಡುವಾಗ ನನಗೆ, "ನಾಳಿಗೆ ಆರು ವಾಕ್ಯ" ಎಂದರು.

ಬರೆದುಕೊಂಡು ಹೋದೆ. ಯಾವುವೆಂದು ನೆನಪಿಲ್ಲ. ಮೂರನೆಯ ಸಲ ಪಾಸಾದೆ, ಹೇಳಿಕೊಳ್ಳುವಷ್ಟು ಮಾರ್ಕು ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಅಕ್ಕೋರು ಕಂಪ್ಲಿ ಬಿಟ್ಟರು. ನಾನು ಹೊಸಪೇಟೆಗೆ ಬಂದೆ, ಕೆಲಸ, ಮದುವೆ, ಮಗಳು... ಅವರನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಹೋಗಬೇಕು ಎಂದುಕೊಂಡಿದ್ದೆ ಎಂದು ಬರೆಯಬಹುದು. ಅದೂ ಅಷ್ಟು ನಿಜವಲ್ಲ.

ಬಸ್ಸು ಸೇತುವೆಯ ಮೇಲೆ ನಿಂತ ಆ ದಿನ ಕಂಪ್ಲಿಯಲ್ಲಿಯೇ ಇಳಿದೆ. ಅವರ ಮನೆಯಿದ್ದಲ್ಲಿ ಗಿರಣಿಯವರ ಗೋದಾಮು ಬಂದಿದೆ. ಪಕ್ಕದವರು, ಅಕ್ಕೋರು ತೀರಿಕೊಂಡರಂತೆ, ಸಂಡೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದರಂತೆ ಎಂದರು. ಎರಡು ದಿನ ಬಿಟ್ಟು ಸಂಡೂರಿಗೆ ಹೋದೆ. ಕೆಂಪು ಧೂಳಿನ ಓಣಿ, ಮನೆ ಸಿಕ್ಕಿತು. ತಮ್ಮನ ಮಗಳಿಗೆ ಐವತ್ತರ ವಯಸ್ಸು, ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಾಳೆ. ನಾನು ಏನು ಕೇಳಲು ಬಂದಿದ್ದೇನೆಂದು ಅವಳಿಗೆ ಬೇಗ ತಿಳಿಯಿತು.

"ಎರಡು ವರ್ಷ ಆತ್ರಿ. ನಾನು ಮಗ್ಗಲದಾಗ ಇದ್ದೆ. ನೀರು ಕೇಳಿದ್ಲು, ಕೊಟ್ಟೆ. ನನ್ನ ಕೈಯಾಗ ಹೋದ್ಲು" ಎಂದಳು. ಚಹಾ ಕೊಟ್ಟಳು. ನಾನು ಬೇರೇನೂ ಕೇಳಲಿಲ್ಲ.

ಅಪ್ಪ ಅವ್ವ ಈಗ ನನ್ನ ಜೊತೆಗೇ ಇದ್ದಾರೆ. ಅಪ್ಪನಿಗೆ ಎಂಬತ್ತು ಸಮೀಪಿಸಿದೆ, ಓಣಿಯವರ ಮಿಕ್ಸರು, ಪಂಪು ಬಿಚ್ಚುವ ಚಟ ಬಿಟ್ಟಿಲ್ಲ. ಆ ಫೋನಿನ ಸಂಗತಿಯನ್ನು ಅವನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ದೂರಿನ ಹಾಗೆ: ಆ ಅಕ್ಕೋರು ಫೋನ್ ಮಾಡಿ ಕಾಲು ಎಳೆಸದಿದ್ದರೆ ಬೆಲ್ಟಿನ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅವರ ಎದುರಿಗೆ ಕೂತು ಅವನು ಮಾತಾಡಿದ್ದನ್ನು ನಾನು ಕಾಣೆ. ಒಮ್ಮೆ ಅವರ ಬಾಗಿಲ ಚಿಲಕ ಸರಿಮಾಡಿ ಬಂದಿದ್ದ.

ಸಂಡೂರಿನಿಂದ ಬಂದು ಹೇಳಿದಾಗ ಅವನು ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಪ್ಪ ಸ್ಕ್ರೂ ಡ್ರೈವರನ್ನು ಕೆಳಗಿಟ್ಟ.

"ಯಾವಾಗ?"

"ಎರಡು ವರ್ಷ ಆತಂತಪ್ಪ. ಅವರ ತಮ್ಮನ ಮಗಳು ನೋಡ್ಯಾಳ, ಹತ್ತರ ಇದ್ಲು."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸುತ್ತಿದ್ದ. ನಮ್ಮಲ್ಲಿ ರಕ್ತಸಂಬಂಧಿಗಳ ಸಾವಿನ ಸುದ್ದಿ ಎಷ್ಟೇ ತಡವಾಗಿ ಬಂದರೂ, ಕೇಳಿದ ಕೂಡಲೇ ಎದ್ದು ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ. ಬೇರೆಯವರಿಗೆ ಮಾಡುವುದಿಲ್ಲ.

"ಬಚ್ಚಲದಾಗ ನೀರು ಅದಾವೇನು?" ಎಂದು ಅವ್ವನನ್ನು ಕೇಳಿದ.

"ಮುಂಜಾನೆ ಜಳಕ ಮಾಡೀರಲ್ಲ."

"ಮಾಡೀನಿ. ಈಗ ಮತ್ತ ಮಾಡ್ತೀನಿ."

ಗೋಡೆ ಹಿಡಿದು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡ. ಮೊದಲ ಚೊಂಬಿನ ನೀರು ಬಿದ್ದದ್ದು ಕೇಳಿಸಿತು, ತಣ್ಣೀರಿಗೆ ಅವನು ಹಾ ಎಂದದ್ದೂ ಕೇಳಿಸಿತು. ನಾನು ಹಗ್ಗದ ಮೇಲಿನ ನನ್ನ ಟವೆಲ್ಲು ತೆಗೆದುಕೊಂಡು, ಅವನು ಹೊರಗೆ ಬರುವುದನ್ನು ಕಾಯುತ್ತ ಬಚ್ಚಲ ಬಾಗಿಲಲ್ಲಿ ನಿಂತೆ. ನನ್ನ ಹಿಂದೆ ಅವ್ವ ಬಂದು ನಿಂತಳು.